ಕಾಲ ನಿಂತ ಊರು ಎಂಬ ಸುಳ್ಳು

ಇಟಲಿಯ ಟಸ್ಕನಿ ಪ್ರಾಂತದ ಚಿತ್ರವೊಂದು ಈಗ ಜಗತ್ತನ್ನೆಲ್ಲ ಸುತ್ತುತ್ತಿದೆ. ಅಲೆಯಲೆಯಾಗಿ ಇಳಿದು ಏರುವ ಹೊಲಗಳು. ನಡುವೆ ಬಿಳಿ ಗರಸಿನ ರಸ್ತೆ. ರಸ್ತೆಯಂಚಿಗೆ ಸೈಪ್ರೆಸ್ ಮರಗಳ ಸಾಲು. ದೂರದ ಗುಡ್ಡದ ನೆತ್ತಿಯಲ್ಲಿ ಕಲ್ಲುಗೋಡೆಯ ಹಳೇ ಊರು. ಆ ರಸ್ತೆಯಲ್ಲಿ ಬಣ್ಣದ ಬಿಗಿಯಂಗಿ ತೊಟ್ಟ ಸೈಕಲ್ ಸವಾರರು. ಪ್ರವಾಸದ ಕರಪತ್ರದಲ್ಲಿ, ಟಿವಿಯಲ್ಲಿ, ಕ್ಯಾಲೆಂಡರಿನಲ್ಲಿ ಇದೇ ಚಿತ್ರ. ಅದರ ಕೆಳಗೆ ಬರೆಯುವ ಮಾತೂ ಹೆಚ್ಚುಕಡಿಮೆ ಒಂದೇ: ಇಲ್ಲಿ ಕಾಲ ನಿಂತುಬಿಟ್ಟಿದೆ.

ಕಾಲ ನಿಂತಿದೆ ಅಂತ ಹೇಳುವವರು ಯಾರು? ಅದು ನಿಂತರೆ ಲಾಭ ಯಾರಿಗೆ? ಚೆಲುವಾದ ಚಿತ್ರ ಕಂಡಾಗಲೆಲ್ಲ ಈ ಎರಡು ಪ್ರಶ್ನೆ ಕೇಳದಿದ್ದರೆ ನಮ್ಮ ವಿಮರ್ಶೆ ಬರೀ ಭಜನೆಯಾಗುತ್ತದೆ. ಚೆಲುವನ್ನು ನಾವು ಅಲ್ಲಗಳೆಯುತ್ತಿಲ್ಲ. ಅದು ಯಾರ ಬೆವರಿನಿಂದ ಆಯಿತು ಎಂದು ಕೇಳುತ್ತಿದ್ದೇವೆ, ಅಷ್ಟೆ.

ಈ ಚಿತ್ರ ಇವತ್ತು ನಿನ್ನೆಯದಲ್ಲ. ಸಿಯೆನಾ ನಗರದ ಕಾಂಪೊ ಚೌಕದಲ್ಲಿ ಹಳೆಯ ಪುರಭವನವೊಂದಿದೆ. ಅದರ ಒಳಗೋಡೆಯ ಮೇಲೆ 1338-39ರಲ್ಲಿ ಅಂಬ್ರೋಜಿಯೋ ಲೊರೆಂಜೆತ್ತಿ ಎಂಬ ಕಲಾವಿದ ದೊಡ್ಡ ಭಿತ್ತಿಚಿತ್ರ ಬರೆದ. ಒಳ್ಳೆಯ ಆಡಳಿತವಿದ್ದರೆ ನಗರ ಹೇಗಿರುತ್ತದೆ, ಹಳ್ಳಿಗಾಡು ಹೇಗಿರುತ್ತದೆ ಎಂದು ತೋರಿಸುವ ಚಿತ್ರ. ಬರೆಸಿದವರು ಆಗ ಸಿಯೆನಾವನ್ನು ಆಳುತ್ತಿದ್ದ ಒಂಬತ್ತು ಜನರ ಮಂಡಳಿ. ಬಹುಪಾಲು ವ್ಯಾಪಾರಿಗಳು, ಲೇವಾದೇವಿಯವರು. ಅಂದಮೇಲೆ ಒಳ್ಳೆಯ ಆಡಳಿತ ಎಂದರೆ ಅವರದ್ದೇ ಆಡಳಿತ ಎಂದು ಬೇರೆ ಹೇಳಬೇಕಿಲ್ಲವಲ್ಲ.

ಆ ಗೋಡೆಯನ್ನು ನಾವು ನಮ್ಮ ಕಣ್ಣಿನಿಂದ ಓದೋಣ. ನಗರದ ಬಾಗಿಲಿನಿಂದ ಒಂದು ರಸ್ತೆ ಇಳಿಜಾರಿನಲ್ಲಿ ಹೊರಡುತ್ತದೆ. ಕುದುರೆಯೇರಿದ ಸಿರಿವಂತರು ಕೈಮೇಲೆ ಬೇಟೆಯ ಹಕ್ಕಿ ಕೂರಿಸಿಕೊಂಡು ಹೊರಗೆ ಇಳಿಯುತ್ತಿದ್ದಾರೆ. ಅದೇ ರಸ್ತೆಯಲ್ಲಿ ರೈತರು ಮೇಲೆ ಬರುತ್ತಿದ್ದಾರೆ. ಒಬ್ಬ ಹಂದಿಯನ್ನು ಹೊಡೆದುಕೊಂಡು ಬರುತ್ತಾನೆ, ಇನ್ನೊಬ್ಬ ಕತ್ತೆಯ ಮೇಲೆ ಹೇರು ಹಾಕಿಕೊಂಡು ಬರುತ್ತಾನೆ. ಆಚೆ ಹೊಲದಲ್ಲಿ ಉಳುವವರು, ಬಿತ್ತುವವರು, ಕೊಯ್ಯುವವರು, ಕಣದಲ್ಲಿ ಒಕ್ಕುವವರು. ಇವರೆಲ್ಲರ ತಲೆಯ ಮೇಲೆ ರೆಕ್ಕೆಯ ಹೆಣ್ಣೊಂದು ತೇಲುತ್ತಾಳೆ. ಅವಳ ಹೆಸರು ಸುರಕ್ಷತೆ. ಅವಳ ಒಂದು ಕೈಯಲ್ಲಿ ಭಯವಿಲ್ಲದೆ ನಡೆಯಿರಿ, ದುಡಿಯಿರಿ ಎಂಬ ಭರವಸೆಯ ಬರಹ. ಇನ್ನೊಂದು ಕೈಯಲ್ಲಿ ನೇಣುಗಂಬ. ಅದರಲ್ಲಿ ಒಬ್ಬ ಮನುಷ್ಯ ತೂಗುತ್ತಿದ್ದಾನೆ.

ಮೋಜಿಗೆ ಹೊರಟವನು ಕೆಳಗೆ ಇಳಿಯುತ್ತಾನೆ. ಹೊಟ್ಟೆಗೆ ತರುವವನು ಮೇಲೆ ಹತ್ತುತ್ತಾನೆ. ರಸ್ತೆ ಒಂದೇ. ಎಲ್ಲರ ಮೇಲೆ ನೇಣಿನ ನೆರಳು. ಲೊರೆಂಜೆತ್ತಿ ಆಳುವವರ ದುಡ್ಡಿಗೆ ಬರೆದರೂ ಕಣ್ಣಿಗೆ ಕಂಡದ್ದನ್ನು ಮುಚ್ಚಿಡಲಿಲ್ಲ. ದೇವರು ದೇವತೆಯರೇ ಗೋಡೆ ತುಂಬಿದ್ದ ಕಾಲದಲ್ಲಿ ಅವನು ಒಕ್ಕಣೆಯ ಕಣವನ್ನು ಗೋಡೆಗೆ ತಂದ. ಅದು ಸಣ್ಣ ಮಾತಲ್ಲ.

ಈಗ ಕರಪತ್ರದ ಚಿತ್ರಕ್ಕೆ ಬನ್ನಿ. ಅದೇ ಗುಡ್ಡ, ಅದೇ ರಸ್ತೆ, ಅದೇ ಕೋಟೆ ಬಾಗಿಲು. ಕುದುರೆಯ ಜಾಗಕ್ಕೆ ಸೈಕಲ್ ಬಂದಿದೆ. ಆದರೆ ಹೊಲದಲ್ಲಿ ಒಬ್ಬ ನರಮನುಷ್ಯನೂ ಇಲ್ಲ! ಆರುನೂರ ಎಂಬತ್ತು ವರ್ಷದ ಹಿಂದಿನ ಕಲಾವಿದನಿಗೆ ರೈತನಿಲ್ಲದೆ ಚಿತ್ರ ಪೂರ್ತಿಯಾಗಲಿಲ್ಲ. ಇವತ್ತಿನ ಕ್ಯಾಮೆರಾಕ್ಕೆ ರೈತ ಬಂದರೆ ಚಿತ್ರ ಕೆಡುತ್ತದೆ.

ಹಾಗಾದರೆ ಆ ರೈತ ಎಲ್ಲಿ ಹೋದ?

ಟಸ್ಕನಿಯ ಹೊಲಗಳನ್ನು ಶತಮಾನಗಟ್ಟಲೆ ಮಾಡಿದ್ದು 'ಮೆಜ್ಜಾದ್ರಿಯಾ' ಪದ್ಧತಿಯಲ್ಲಿ. ಮೆಜ್ಜೊ ಎಂದರೆ ಅರ್ಧ. ನಮ್ಮಲ್ಲಿ ಕೋರು, ಪಾಲು ಅಂತೀವಲ್ಲ, ಅಂಥದೇ. ಭೂಮಿ ಒಡೆಯನದು, ಮನೆ ಒಡೆಯನದು. ದುಡಿಮೆ ಇಡೀ ಕುಟುಂಬದ್ದು. ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ. ಅದರ ಮೇಲೆ ಹಬ್ಬಕ್ಕೆ ಕೋಳಿ, ವಾರಕ್ಕೆ ಮೊಟ್ಟೆ ಎಂಬ ಕಾಣಿಕೆ ಬೇರೆ. ಲೆಕ್ಕದ ಪುಸ್ತಕ ಒಡೆಯನ ಕಾರಭಾರಿಯ ಕೈಯಲ್ಲಿ. ಬರ ಬಂದ ವರ್ಷ ಬೀಜಕ್ಕೆ, ಕಾಳಿಗೆ ಸಾಲ. ಆ ಸಾಲ ಪುಸ್ತಕದಿಂದ ಪುಸ್ತಕಕ್ಕೆ ಏರುತ್ತಿತ್ತು. ಮನೆಯ ಮಗನಿಗೆ ಮದುವೆ ಮಾಡಬೇಕಾದರೂ ಒಡೆಯನ ಒಪ್ಪಿಗೆ ಕೇಳಬೇಕಾಗುತ್ತಿತ್ತು. ಯಾಕೆಂದರೆ ಆ ಮನೆಯಲ್ಲಿ ಎಷ್ಟು ಕೈ, ಎಷ್ಟು ಬಾಯಿ ಇರಬೇಕೆಂಬುದು ಅವನ ಲೆಕ್ಕ.

ಹೊಲದ ಅಂಚಿಗೆ ಬಳ್ಳಿ, ನಡುವೆ ಗೋಧಿ, ಇಳಿಜಾರಿನಲ್ಲಿ ಆಲಿವ್, ಮಣ್ಣು ಕೊಚ್ಚಿ ಹೋಗದಂತೆ ಕಲ್ಲಿನ ಒಡ್ಡು. ಇವತ್ತು ಸವಾರನ ಕಣ್ಣಿಗೆ ಹಬ್ಬವಾಗುವ ಆ ನೋಟದ ಒಂದೊಂದು ಗೆರೆಯನ್ನೂ ಎಳೆದವರು ಈ ಅರ್ಧ ಪಾಲಿನವರು. ಹಳೆಯ ಸಿಯೆನಾದಲ್ಲಿ ರಸ್ತೆ ರಿಪೇರಿಯ ಹೊಣೆಯನ್ನೂ ಹಳ್ಳಿಗಳ ತಲೆಗೇ ಕಟ್ಟಿದ್ದರು. ಬಿಳಿ ಗರಸಿನ ಮೇಲೆ ಮೊದಲು ಉರುಳಿದ್ದು ರೇಸಿನ ಚಕ್ರವಲ್ಲ, ಒಡೆಯನ ಕಣಜಕ್ಕೆ ಹೊರಟ ಎತ್ತಿನ ಗಾಡಿ.

ಇನ್ನೂ ಒಂದು ಮಾತು. ಸೈಪ್ರೆಸ್ ಮರಗಳ ನಡುವೆ ಹಾವಿನಂತೆ ಹತ್ತುವ ರಸ್ತೆಯ ಚಿತ್ರವನ್ನು ನೀವೂ ಎಲ್ಲೋ ನೋಡಿರುತ್ತೀರಿ. ಅದು ವಾಲ್ ದೋರ್ಚಾ ಕಣಿವೆಯ ಲಾ ಫೋಚೆ ಎಂಬ ಜಮೀನಿನ ಹತ್ತಿರದ್ದು. ಮಧ್ಯಯುಗದ ನೋಟ ಎಂದು ಜನ ಅದನ್ನು ನೋಡಿ ಬೆರಗಾಗುತ್ತಾರೆ. ನಿಜದಲ್ಲಿ ಅದು ಇಪ್ಪತ್ತನೆಯ ಶತಮಾನದ್ದು. 1924ರಲ್ಲಿ ಓರಿಗೋ ದಂಪತಿಗಳು ಆ ಜಮೀನು ಕೊಂಡರು. ಐವತ್ತಕ್ಕೂ ಹೆಚ್ಚು ಪಾಲಿನ ಹೊಲಗಳಿದ್ದ ಎಸ್ಟೇಟು. ಮುಸೊಲಿನಿಯ ಕಾಲದಲ್ಲಿ ಅಲ್ಲಿ ಬಂಜರು ಮಣ್ಣನ್ನು ಹದ ಮಾಡಲಾಯಿತು, ರಸ್ತೆ ಹಾಕಲಾಯಿತು, ಮರ ನೆಡಲಾಯಿತು. ಆ ದಂಪತಿಗಳು ಯುದ್ಧದ ಹೊತ್ತಿಗೆ ನಿರಾಶ್ರಿತ ಮಕ್ಕಳಿಗೆ, ತಲೆಮರೆಸಿಕೊಂಡವರಿಗೆ ಆಸರೆ ಕೊಟ್ಟವರು, ಅದನ್ನೂ ಹೇಳಬೇಕು. ಆದರೂ ಒಡೆಯ ಒಡೆಯನೇ, ಪಾಲು ಪಾಲೇ. 2004ರಲ್ಲಿ ಯುನೆಸ್ಕೋ ವಾಲ್ ದೋರ್ಚಾವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೋಟಕ್ಕೆ ಮನ್ನಣೆ ಸಿಕ್ಕಿತು. ನೋಟವನ್ನು ಮಾಡಿದವರ ಮಕ್ಕಳು ಅಷ್ಟರಲ್ಲಿ ಊರು ಬಿಟ್ಟು ಎರಡು ತಲೆಮಾರಾಗಿತ್ತು.

ಅವರು ಸುಮ್ಮನೆ ಬಿಡಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ 1919-20ರಲ್ಲಿ ಟಸ್ಕನಿಯ ಪಾಲುದಾರರು ಸಂಘ ಕಟ್ಟಿ ಮುಷ್ಕರ ಹೂಡಿದರು. ಅದನ್ನು ಫ್ಯಾಸಿಸ್ಟರ ದೊಣ್ಣೆ ಮುರಿಯಿತು. ಎರಡನೆಯ ಯುದ್ಧದ ನಂತರ ಮತ್ತೆ ಎದ್ದರು. 1948ರ ಕಾನೂನು ರೈತನ ಪಾಲನ್ನು ನೂರಕ್ಕೆ 53ಕ್ಕೆ ಏರಿಸಿತು. 1964ರ ಕಾನೂನು 58ಕ್ಕೆ ಏರಿಸಿ, ಹೊಸದಾಗಿ ಇಂಥ ಕರಾರು ಮಾಡುವುದನ್ನೇ ನಿಷೇಧಿಸಿತು. ಉಳಿದುಕೊಂಡಿದ್ದ ಕರಾರುಗಳನ್ನು ಗೇಣಿಗೆ ಬದಲಾಯಿಸುವ ಕಾನೂನು 1982ರಲ್ಲಿ ಬಂತು. 50 ಇದ್ದದ್ದು 53 ಆಗಲು ಶತಮಾನಗಳು ಬೇಕಾದವು, ಗೆಳೆಯರೇ! ಕಾಲ ನಿಂತಿತ್ತು ಅನ್ನುವವರು ಈ ಮೂರು ಅಂಕಿಯ ಹಿಂದಿನ ರಕ್ತವನ್ನು ಲೆಕ್ಕ ಹಾಕಿ ಹೇಳಲಿ.

ಕಾನೂನು ಬರುವ ಹೊತ್ತಿಗೆ ಜನ ಕಾರ್ಖಾನೆಗಳ ಕಡೆ ಹೊರಟಾಗಿತ್ತು. ಕಲ್ಲಿನ ಮನೆಗಳು ಖಾಲಿಯಾದವು. ಮುಂದೆ ಪಟ್ಟಣದ, ಹೊರದೇಶದ ಹಣವಂತರು ಅವನ್ನು ಕೊಂಡು ಬಂಗಲೆ ಮಾಡಿಕೊಂಡರು. ಕೊಟ್ಟಿಗೆ ಊಟದ ಮನೆಯಾಯಿತು, ಕಣ ಈಜುಕೊಳವಾಯಿತು. ಕಾಲ ನಿಂತ ಊರು ಎಂಬುದು ಹೀಗೆ ತಯಾರಾದ ಸರಕು.

ಇದಕ್ಕೆ ಎದುರಾಗಿ ಇಟಲಿಯ ಕಲೆಯಲ್ಲೇ ಬೇರೆ ದನಿಗಳಿವೆ. ಎರ್ಮಾನ್ನೊ ಓಲ್ಮಿಯ 'ಮರದ ಚಪ್ಪಲಿಗಳ ಮರ' 1978ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಬಹುಮಾನ ಪಡೆದ ಚಿತ್ರ. ಅದು ಟಸ್ಕನಿಯದಲ್ಲ, ಉತ್ತರದ ಬೆರ್ಗಮೊ ಸೀಮೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಕತೆ. ಅಲ್ಲಿ ಒಡೆಯನಿಗೆ ಹೋಗುವುದು ಅರ್ಧವಲ್ಲ, ಮೂರರಲ್ಲಿ ಎರಡು ಪಾಲು. ನಟಿಸಿದವರು ಆ ಸೀಮೆಯ ರೈತರೇ. ಶಾಲೆಗೆ ದೂರ ನಡೆಯುವ ಹುಡುಗನ ಮರದ ಚಪ್ಪಲಿ ಮುರಿಯುತ್ತದೆ. ಅಪ್ಪ ರಾತ್ರಿ ಕದ್ದು ರಸ್ತೆಬದಿಯ ಒಂದು ಮರ ಕಡಿದು ಮಗನಿಗೆ ಚಪ್ಪಲಿ ಕೆತ್ತುತ್ತಾನೆ. ಮರ ಒಡೆಯನದು. ಇಡೀ ಸಂಸಾರವನ್ನು ಹೊರಗೆ ಹಾಕುತ್ತಾರೆ. ರಸ್ತೆಬದಿಯ ಮರ ಎಂದರೆ ಬರೀ ನೋಟವಲ್ಲ, ಅದಕ್ಕೊಬ್ಬ ಒಡೆಯನಿದ್ದಾನೆ ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳಿದ ಚಿತ್ರವನ್ನು ನಾವು ಕಾಣೆವು. ಆದರೆ ಓಲ್ಮಿಯೊಂದಿಗೆ ನಮಗೆ ಜಗಳವೂ ಇದೆ. ಆ ಸಂಸಾರ ಗಾಡಿಗೆ ಸಾಮಾನು ಹೇರುವಾಗ ನೆರೆಯವರು ಒಳಗಿನಿಂದಲೇ ನೋಡುತ್ತಾರೆ. ಆ ಮೌನಕ್ಕೆ ಚಿತ್ರ ಭಕ್ತಿಯ ಬಣ್ಣ ಕೊಡುತ್ತದೆ. ನಮಗೆ ಅದು ಭಯವಾಗಿ ಕಾಣುತ್ತದೆ. ಭಯವನ್ನು ಸಹನೆ ಎಂದು ಕರೆದರೆ ಒಡೆಯನಿಗೇ ಅನುಕೂಲ.

ಸೈಕಲ್ಲಿನ ಮಾತಿಗೆ ಬರೋಣ. 1948ರಲ್ಲಿ ವಿತ್ತೋರಿಯೊ ಡಿ ಸಿಕಾ ತೆಗೆದ 'ಸೈಕಲ್ ಕಳ್ಳರು' 1952ರಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಬಂದಿತ್ತು. ಅದರ ನಾಯಕನ ಪಾತ್ರ ಮಾಡಿದವನು ನಿಜವಾಗಿಯೂ ಕಾರ್ಖಾನೆಯ ಕೆಲಸಗಾರ. ಕತೆಯಲ್ಲಿ ಪೋಸ್ಟರ್ ಹಚ್ಚುವ ಕೆಲಸ ಸಿಗಬೇಕಾದರೆ ಸೈಕಲ್ ಇರಬೇಕು. ಸೈಕಲ್ ಗಿರವಿಯಲ್ಲಿದೆ. ಹೆಂಡತಿ ಹಾಸಿಗೆಯ ದುಪ್ಪಟಿಗಳನ್ನು ಒಯ್ದು ಒತ್ತೆಯಿಟ್ಟು ಸೈಕಲ್ ಬಿಡಿಸುತ್ತಾಳೆ. ಕೆಲಸದ ಮೊದಲ ದಿನವೇ ಅದು ಕಳುವಾಗುತ್ತದೆ. ಸೈಕಲ್ ಹೋಯಿತು ಎಂದರೆ ಅನ್ನ ಹೋಯಿತು. ನಮ್ಮ ಹಳ್ಳಿಯ ಮೇಷ್ಟರಿಗೆ, ಹಾಲು ಹಾಕುವವನಿಗೆ, ಕೂಲಿಗೆ ಹೋಗುವವನಿಗೆ ಇದನ್ನು ವಿವರಿಸಬೇಕಿಲ್ಲ.

ರೇಸಿನ ಚರಿತ್ರೆಯೂ ಸಿರಿವಂತರದಷ್ಟೇ ಅಲ್ಲ. ಎಮಿಲಿಯಾ ಸೀಮೆಯ ಕೂಲಿ ಕುಟುಂಬದಲ್ಲಿ 1891ರಲ್ಲಿ ಹುಟ್ಟಿದ ಅಲ್ಫೊನ್ಸಿನಾ ಸ್ತ್ರಾದಾ 1924ರಲ್ಲಿ ಇಟಲಿ ಸುತ್ತುವ ಜಿರೊ ರೇಸಿನಲ್ಲಿ ಗಂಡಸರ ಜತೆ ಸೈಕಲ್ ತುಳಿದಳು. ಅವಳ ಅಡ್ಡಹೆಸರಿನ ಅರ್ಥವೇ ರಸ್ತೆ. ಹನ್ನೆರಡು ಹಂತ, 3,613 ಕಿಲೋಮೀಟರು. ಗುಡ್ಡದ ಮೇಲಿನ ಹಳೇ ನಗರ ಪೆರುಜಾಕ್ಕೆ ಹೋಗುವ ಹಂತದಲ್ಲಿ ಹ್ಯಾಂಡಲ್ ಮುರಿಯಿತು. ಪೊರಕೆಯ ಕೋಲು ಕಟ್ಟಿಕೊಂಡು ತುಳಿದಳು. ಹೊತ್ತು ಮೀರಿ ತಲುಪಿದ್ದಕ್ಕೆ ಲೆಕ್ಕದಿಂದ ಕೈಬಿಟ್ಟರು. ಲೆಕ್ಕಕ್ಕಿಲ್ಲದೆಯೂ ಅವಳು ಮಿಲಾನಿನವರೆಗೆ ತುಳಿದು ಮುಗಿಸಿದಳು. ಪಟ್ಟಿಯಲ್ಲಿ ಹೆಸರಿಲ್ಲ, ರಸ್ತೆಯಲ್ಲಿ ಅವಳಿದ್ದಾಳೆ. ದುಡಿಯುವ ಜನರ ಚರಿತ್ರೆ ಬಹುತೇಕ ಹೀಗೇ ಅಲ್ಲವೇ?

ಆ ಗುಡ್ಡಗಳನ್ನು ನಮ್ಮ ಕಡೆಯವರೂ ಹತ್ತಿದ್ದಾರೆ, ಸೈಕಲ್ಲಿನಲ್ಲಲ್ಲ. 1944ರ ಬೇಸಿಗೆಯಲ್ಲಿ ಬ್ರಿಟಿಷರ ಸೈನ್ಯದ ಭಾರತೀಯ ತುಕಡಿಗಳು ಅಲ್ಲಿ ಜರ್ಮನರ ಗುಂಡಿಗೆ ಎದೆಯೊಡ್ಡಿದವು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಪದಾತಿ ದಳದ ನಾಯಕ್ ಯಶವಂತ ಘಾಡ್ಗೆ ಜುಲೈ 10ರಂದು ತೈಬರ್ ನದಿಯ ಮೇಲ್ಕಣಿವೆಯಲ್ಲಿ ಸತ್ತರು. ವಿಕ್ಟೋರಿಯಾ ಕ್ರಾಸ್ ಅವರು ಸತ್ತ ಮೇಲೆ ಬಂತು. 2023ರಲ್ಲಿ ಮೊಂತೊನೆ ಎಂಬ ಗುಡ್ಡದೂರಿನಲ್ಲಿ ಅವರ ಹೆಸರಿನಲ್ಲಿ ಒಂದು ನೆರಳು ಗಡಿಯಾರ ನಿಲ್ಲಿಸಿದರು. ಕಾಲ ನಿಂತಿದೆ ಅನ್ನುವ ಸೀಮೆಯಲ್ಲಿ ಸತ್ತ ಸಿಪಾಯಿಯ ನೆನಪಿಗೆ ಗಡಿಯಾರ!

ಹಾಗಾದರೆ ಈ ಸೈಕಲ್ ಸವಾರಿಯೆಲ್ಲ ಕೆಟ್ಟದ್ದೇ? ನಾವು ಹಾಗೆ ಹೇಳುವುದಿಲ್ಲ. 1997ರಲ್ಲಿ ಕಿಯಾಂತಿ ಸೀಮೆಯ ಗಾಯೊಲೆ ಊರಿನಲ್ಲಿ 'ಎರೋಯಿಕಾ' ಎಂಬ ಸವಾರಿ ಶುರುವಾಯಿತು. ಮೊದಲ ವರ್ಷ ಬಂದವರು 92 ಜನ. 1987ಕ್ಕಿಂತ ಹಿಂದಿನ ಮಾದರಿಯ ಸೈಕಲ್ಲುಗಳಲ್ಲಿ ಹಳೇ ಉಣ್ಣೆಯಂಗಿ ತೊಟ್ಟು ಹೋಗುವ ಸವಾರಿ. ಡಾಂಬರಿನಿಂದ ಬಿಳಿ ರಸ್ತೆಗಳನ್ನು ಉಳಿಸಬೇಕೆಂಬುದು ಅದರ ಉದ್ದೇಶ. ಆ ಕೆಲಸ ಅದು ಮಾಡಿದೆ, ಒಪ್ಪಬೇಕು. ಅದರಿಂದಲೇ 2007ರಲ್ಲಿ ವೃತ್ತಿಪರರ ರೇಸ್ ಹುಟ್ಟಿತು. ಈಗ ಅದರ ಹೆಸರೇ 'ಸ್ತ್ರಾದೆ ಬಿಯಾಂಕೆ', ಬಿಳಿ ರಸ್ತೆಗಳು. 2015ರಿಂದ ಹೆಂಗಸರ ರೇಸೂ ನಡೆಯುತ್ತಿದೆ. ಅಲ್ಫೊನ್ಸಿನಾ ತುಳಿದ ತೊಂಬತ್ತೊಂದು ವರ್ಷಕ್ಕೆ! ರೇಸ್ ಮುಗಿಯುವುದು ಕಡಿದಾದ ಕಲ್ಲುಹಾಸಿನ ಓಣಿ ಹತ್ತಿ ಅದೇ ಕಾಂಪೊ ಚೌಕದಲ್ಲಿ, ಲೊರೆಂಜೆತ್ತಿಯ ಚಿತ್ರವಿರುವ ಕಟ್ಟಡದ ಮುಂದೆ.

ಎರೋಯಿಕಾ ಎಂದರೆ ವೀರರದು. ನಮ್ಮ ತಕರಾರು ಈ ಪದದ ಬಗ್ಗೆ. ಏರು ಹತ್ತುವಾಗ ಸವಾರನ ಮೈಯಿಂದ ಇಳಿಯುವುದೂ ಬೆವರೇ, ಸುಳ್ಳಲ್ಲ. ಆದರೆ ಅದು ಆಯ್ದುಕೊಂಡ ಬೆವರು. ಸಾಕೆನಿಸಿದರೆ ಇಳಿದು ನೆರಳಿಗೆ ಕೂರಬಹುದು. ಹೇರು ಹೊತ್ತು ಅದೇ ಏರು ಹತ್ತಿದವನಿಗೆ ಇಳಿದು ಕೂರುವ ಹಕ್ಕಿರಲಿಲ್ಲ. ಈ ಎರಡು ಬೆವರಿಗೆ ಒಂದೇ ಹೆಸರಿಟ್ಟು, ಒಂದಕ್ಕೆ ಮಾತ್ರ ಹಾರ ಹಾಕುವುದು ಸೌಂದರ್ಯಪ್ರಜ್ಞೆಯಲ್ಲ, ಮರೆವಿನ ರಾಜಕಾರಣ.

ರಸ್ತೆ ಉಳಿಸಿದ ಹಾಗೆ ರಸ್ತೆಯ ನೆನಪನ್ನೂ ಉಳಿಸಬೇಕು. 1964 ಎಂಬ ಇಸವಿ ಆ ಬಿಳಿ ರಸ್ತೆಯ ಮೈಲಿಗಲ್ಲಿನ ಮೇಲೆ ಇರಬೇಕಾದದ್ದು. ಹಳ್ಳಿಯ ಮೇಷ್ಟರುಗಳು, ವಿದ್ಯಾರ್ಥಿಗಳು ಇದನ್ನು ದೂರದ ದೇಶದ ಸುದ್ದಿ ಎಂದು ಬಿಡಬೇಡಿ. ಗೋಡೆಯ ಮೇಲೆ ಹಸಿರು ಹೊಲದ ಕ್ಯಾಲೆಂಡರ್ ತೂಗುಹಾಕಿದ ಕಡೆಯೆಲ್ಲ ಮಕ್ಕಳನ್ನು ಕೇಳಿ: ಈ ಹೊಲ ಉತ್ತವರು ಯಾರು? ಚಿತ್ರ ತೆಗೆಯುವಾಗ ಅವರನ್ನು ಎಲ್ಲಿಗೆ ಕಳಿಸಿದ್ದರು? ಈ ರಸ್ತೆಯಲ್ಲಿ ಯಾರು ಇಳಿಯುತ್ತಾರೆ, ಯಾರು ಹತ್ತುತ್ತಾರೆ? ಮಕ್ಕಳು ಉತ್ತರ ಹುಡುಕಲು ಹೊರಟರೆ ಸಾಕು, ಕ್ಯಾಲೆಂಡರಿನಲ್ಲೂ ಕಾಲ ನಡೆಯತೊಡಗುತ್ತದೆ.