ಗಾಳಿ ಒಂದು ಕಡೆ, ಜನ ಒಂದು ಕಡೆ

ಊರಿನಿಂದ ಬಂದವರು ನಮ್ಮ ಮುಲುಂಡಿನ ಫ್ಲ್ಯಾಟಿನಲ್ಲಿ ಕೈಕಾಲು ತೊಳೆದು ಕೂತ ಮೇಲೆ ಕೇಳುವ ಪ್ರಶ್ನೆ ಒಂದೇ: "ಜಗಲಿ ಇಲ್ಲವಾ ನಿಮ್ಮಲ್ಲಿ?" ನಾವು ಬಾಲ್ಕನಿ ತೋರಿಸುತ್ತೇವೆ. ನಾಲ್ಕಡಿ ಅಗಲ, ಹತ್ತಡಿ ಉದ್ದ. ಅದಕ್ಕೆ ಸೊಳ್ಳೆ ಜಾಲರಿ ಹಾಕಿಸಿ, ಎರಡು ಬೆತ್ತದ ಕುರ್ಚಿ ಇಟ್ಟು, ಹೊರಗೆ ಕೂತ ಹಾಗೇ ಆಗುತ್ತದೆ ಅಂತ ಹೇಳಿಕೊಳ್ಳುವ ರೂಢಿ ಈಗ ನಮ್ಮ ಸೊಸೈಟಿಯ ಮನೆಮನೆಗೂ ಬಂದಿದೆ. ನಾನೂ ಹಾಕಿಸಿದ್ದೇನೆ. ನಿಜಕ್ಕೂ ಹಾಗಾಗುತ್ತದೆಯೇ ಎಂಬುದೇ ಇಲ್ಲಿಯ ವಿಚಾರ.

ಮೊದಲು ಜಗಲಿ ಎಂದರೇನು ಅಂತ ನೋಡಬೇಕು. ಕುಮಟಾ ಕಡೆಯ ನಮ್ಮ ಮನೆಯಲ್ಲಿ ಜಗಲಿಯ ಮೇಲೆ ಎರಡು ಬಗೆಯ ಬರವು ಇತ್ತು. ಒಂದು ಗಾಳಿ, ಇನ್ನೊಂದು ಜನ. ದಾರಿಯಲ್ಲಿ ಹೋಗುವವರು ಒಂದು ಮೆಟ್ಟಿಲು ಹತ್ತಿ ಕೂರುತ್ತಿದ್ದರು, ಕವಳ ಹಾಕುತ್ತಿದ್ದರು, ಎದ್ದು ಹೋಗುತ್ತಿದ್ದರು. ಅವರನ್ನು ಒಳಗೆ ಕರೆಯಬೇಕಾಗಿರಲಿಲ್ಲ, ಹೊರಗೆ ನಿಲ್ಲಿಸಿದಂತೆಯೂ ಆಗುತ್ತಿರಲಿಲ್ಲ. ಮಳೆಗಾಲ ಬಂದಾಗ ಇರಚಲು ತಡೆಯಲು ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮಳೆ ಮುಗಿದ ಮೇಲೆ ಬಿಚ್ಚಿಬಿಡುತ್ತಿದ್ದರು. ಆ ಬಿಚ್ಚುವ ಕೆಲಸವನ್ನೇ ನಾವು ಪೇಟೆಗೆ ಬಂದು ಮರೆತೆವು.

ಮುಂಬೈಗೆ ಜಗಲಿ ಗೊತ್ತಿರಲಿಲ್ಲ ಎಂದಲ್ಲ. 1984ರಲ್ಲಿ ನಾನು ಬಂದಿಳಿದದ್ದು ಗಿರಗಾಂವದ ಚಾಳಿನ ಒಂದು ಖೋಲಿಗೆ. ಖೋಲಿಗಳ ಮುಂದೆ ಉದ್ದಕ್ಕೂ ಮರದ ಕಟಕಟೆಯ ಗ್ಯಾಲರಿ. ಅಲ್ಲೇ ಬಟ್ಟೆ ಒಣಗುತ್ತಿತ್ತು, ಅಲ್ಲೇ ಅಕ್ಕಿ ಆರಿಸುತ್ತಿದ್ದರು, ಅಲ್ಲೇ ಜಗಳವೂ ಆಗುತ್ತಿತ್ತು. ಖಾಸಗಿತನ ಎಂಬುದು ಹೆಸರಿಗೂ ಇರಲಿಲ್ಲ, ಸಂಡಾಸಿಗೆ ಸಾಲು ನಿಲ್ಲಬೇಕಿತ್ತು. ಅದನ್ನು ಸ್ವರ್ಗ ಎಂದು ನಾನು ಬರೆಯಲಾರೆ. ಆದರೆ ಗಾಳಿ ಮತ್ತು ಜನ ಎರಡೂ ಒಂದೇ ಬಾಗಿಲಿನಿಂದ ಬರುತ್ತಿದ್ದವು.

ಫ್ಲ್ಯಾಟು ಈ ಎರಡನ್ನೂ ಒಡೆದು ಪಾಲು ಮಾಡಿತು. ಗಾಳಿ ಬಾಲ್ಕನಿಯ ಪಾಲಿಗೆ ಹೋಯಿತು, ಅಲ್ಲಿಗೆ ಜನ ಬರುವ ದಾರಿಯಿಲ್ಲ. ಜನ ಲಿಫ್ಟಿನ ಕಡೆಯ ಬಾಗಿಲಿಗೆ ಹೋದರು, ಅಲ್ಲಿ ಗಾಳಿಯಿಲ್ಲ. ಆಮೇಲೆ ಬಾಲ್ಕನಿಯನ್ನೂ ನಾವು ಉಳಿಸಿಕೊಳ್ಳಲಿಲ್ಲ. ಒಂದು ನಿವೇಶನದ ಮೇಲೆ ಎಷ್ಟು ಕಟ್ಟಬಹುದು ಎಂಬ ಲೆಕ್ಕಕ್ಕೆ ಎಫ್‌ಎಸ್‌ಐ ಎನ್ನುತ್ತಾರೆ. ಮುಂಬೈಯ 1991ರ ನಿಯಮಗಳಲ್ಲಿ ಬಾಲ್ಕನಿಗೆ ಒಂದು ಮಿತಿಯವರೆಗೆ ಈ ಲೆಕ್ಕದಿಂದ ವಿನಾಯಿತಿ ಇತ್ತು, ಶುಲ್ಕ ಕಟ್ಟಿ ಅದನ್ನು ಮುಚ್ಚಿಕೊಳ್ಳಲೂ ಅವಕಾಶವಿತ್ತು. ವಿನಾಯಿತಿಯಲ್ಲಿ ಸಿಕ್ಕ ಜಾಗ ಕೋಣೆಯಾಯಿತು. 2012ರ ತಿದ್ದುಪಡಿ ಆ ವಿನಾಯಿತಿ ತೆಗೆಯುವ ಹೊತ್ತಿಗೆ ಅರ್ಧ ಊರೇ ಗಾಜಿನೊಳಗೆ ಸೇರಿತ್ತು. ಇತ್ತ 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಎಂದರೆ ಬಳಸಬಹುದಾದ ಜಾಗ ಎಂದು ಹೇಳಿ, ಬಾಲ್ಕನಿ ಮತ್ತು ವರಾಂಡವನ್ನು ಅದರಿಂದ ಹೊರಗಿಟ್ಟಿತು. ಗ್ರಾಹಕನ ಹಿತಕ್ಕೆ ಅದು ಸರಿಯೇ. ಆದರೂ ಓದುವಾಗ ನನಗೆ ನಗು ಬಂತು. ನಮ್ಮ ಅಜ್ಜನ ಆಯುಷ್ಯದ ಮುಕ್ಕಾಲು ಭಾಗ ಬಳಸಲಾಗದ ಜಾಗದಲ್ಲೇ ಕಳೆದಿತ್ತು!

ನಗುವ ಹಕ್ಕು ನನಗೆ ಪೂರ್ತಿ ಇಲ್ಲ. ಬ್ಯಾಂಕಿನಲ್ಲಿ ಗೃಹಸಾಲದ ಕಡತ ನೋಡುವಾಗ ಮುಚ್ಚಿದ ಬಾಲ್ಕನಿಯನ್ನು ಹೆಚ್ಚುವರಿ ಕೋಣೆ ಎಂದು ಮೆಚ್ಚಿದವನು ನಾನು. 1997ರಲ್ಲಿ ನನ್ನದನ್ನೂ ಮಗಳ ಓದಿಗೆಂದು ಅಲ್ಯುಮಿನಿಯಂ, ಗಾಜು ಹಾಕಿಸಿ ಮುಚ್ಚಿದೆ.

ದೊಡ್ಡವರು ಈ ಸಮಸ್ಯೆಗೆ ಏನು ಮಾಡಿದರು? ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕಾಂಚನಜುಂಗಾ ಕಟ್ಟಡ ಕಂಬಾಲಾ ಹಿಲ್‌ನಲ್ಲಿದೆ. 1983ರಲ್ಲಿ ಮುಗಿದದ್ದು, 28 ಅಂತಸ್ತು, 32 ಮನೆ. ಮುಂಬೈಯಲ್ಲಿ ಸಮುದ್ರದ ಗಾಳಿ ಬರುವುದೂ ಪಶ್ಚಿಮದಿಂದ, ಮಧ್ಯಾಹ್ನದ ಬಿಸಿಲು ಮತ್ತು ಮಳೆ ಹೊಡೆಯುವುದೂ ಪಶ್ಚಿಮದಿಂದ. ಕೊರಿಯಾ ಹಳೆಯ ಬಂಗಲೆಯ ವರಾಂಡವನ್ನು ನೆನೆದು, ಮೂಲೆಗಳಲ್ಲಿ ಎರಡಂತಸ್ತಿನಷ್ಟು ಎತ್ತರದ ತೋಟದ ತಾರಸಿಗಳನ್ನು ಒಳಕ್ಕೆ ಕೊರೆದರು. ಹವಾಮಾನಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಈ ಊರಿನಲ್ಲಿ ಕಂಡಿಲ್ಲ. ಆದರೆ ರಸ್ತೆಯಲ್ಲಿ ನಿಂತು ಕತ್ತೆತ್ತಿ ನೋಡಿದಾಗ ಅನ್ನಿಸಿತು, ಅಷ್ಟು ಎತ್ತರದ ಜಗಲಿಗೆ ದಾರಿಹೋಕರು ಹತ್ತುವುದು ಎಲ್ಲಿಂದ?

ಈ ಕೊರತೆ ಕೊರಿಯಾ ಅವರಿಗೆ ತಿಳಿಯದ್ದಲ್ಲ. ಅದೇ ದಶಕದಲ್ಲಿ ನವಿ ಮುಂಬೈಯ ಬೇಲಾಪುರದಲ್ಲಿ ಅವರು ಸಾಧಾರಣ ಆದಾಯದವರಿಗೆ ತಗ್ಗಿನ ಮನೆಗಳನ್ನು ಮಾಡಿದರು. ಎಂಟು ಮೀಟರ್ ಚೌಕದ ಒಂದು ಅಂಗಳ, ಸುತ್ತ ಏಳು ಮನೆ. ಅಂಥ ಮೂರು ಗುಂಪು ಸೇರಿದರೆ ನಡುವೆ ಇನ್ನೂ ದೊಡ್ಡ ಅಂಗಳ. ಇಲ್ಲಿ ಜನರಿಗೂ ಜಾಗ ಇಟ್ಟರು. ಗೋಡೆಗೆ ಗೋಡೆ ಅಂಟಿಸದೆ, ಅವರವರ ಅನುಕೂಲಕ್ಕೆ ಮನೆ ಬೆಳೆಸಿಕೊಳ್ಳಲಿ ಎಂದೂ ಬಿಟ್ಟರು. ಜನ ಬೆಳೆಸಿದರು, ಮಹಡಿ ಏರಿಸಿದರು, ಗ್ರಿಲ್ಲೂ ಹಾಕಿಸಿದರು. ಶುದ್ಧ ವಿನ್ಯಾಸ ಕೆಟ್ಟಿತು ಎಂದು ಕೆಲವರು ಮರುಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅಂಗಳ ಉಳಿದಿರುವವರೆಗೆ ಅಸಲು ಸುರಕ್ಷಿತ, ಕೆಟ್ಟದ್ದು ಬಡ್ಡಿ ಮಾತ್ರ.

ಹಾಗಾದರೆ ನಮ್ಮ ಜಾಲರಿಯ ಬಾಲ್ಕನಿ? ಅದನ್ನು ಹೀಗಳೆಯುವುದು ತಪ್ಪು. 2010ರ ಮಳೆಗಾಲದಲ್ಲಿ ಮುಂಬೈಯಲ್ಲಿ ಮಲೇರಿಯಾ ಉಲ್ಬಣಿಸಿದ್ದನ್ನು ಕಂಡವರು ಜಾಲರಿಯನ್ನು ಷೋಕಿ ಎನ್ನಲಾರರು. ಮಲೇರಿಯಾದ ಸೊಳ್ಳೆ ರಾತ್ರಿ ಕಚ್ಚಿದರೆ ಡೆಂಗಿಯ ಸೊಳ್ಳೆ ಹಗಲಿನಲ್ಲೇ ಕಚ್ಚುತ್ತದೆ, ಸಂಜೆ ಬಾಗಿಲು ಹಾಕಿದರೆ ಸಾಲದು. ಗಾಜು ತೆಗೆಸಿ ಜಾಲರಿ ಹಾಕಿಸಿದ ಮೇಲೆ ನಮ್ಮ ಮನೆಗೆ ಸದ್ದು ಬಂತು, ಮಳೆಯ ವಾಸನೆ ಬಂತು. ಗಾಳಿ ಮಾತ್ರ ಅಷ್ಟಕ್ಕಷ್ಟೇ. ಜಾಲರಿಯೇ ಸ್ವಲ್ಪ ತಡೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಬಂದ ಗಾಳಿಗೆ ಹೋಗಲು ಇನ್ನೊಂದು ಬಾಗಿಲು ಬೇಕು.

ಆ ಇನ್ನೊಂದು ಬಾಗಿಲು ಯಾವುದೆಂದು ನಮ್ಮ ಆಯಿ ಬಹಳ ಹಿಂದೆಯೇ ತೋರಿಸಿದ್ದಳು. ಅಪ್ಪ ಹೋದ ಮೇಲೆ 2003ರಲ್ಲಿ ಅವಳನ್ನು ಕರೆತಂದೆ. ಗಾಜಿನ ಬಾಲ್ಕನಿಯಲ್ಲಿ ಕುರ್ಚಿ ಹಾಕಿ, ಒಂದು ಕಿಟಕಿ ಸರಿಸಿ ಕೂರಿಸಿದೆ. ಎರಡು ದಿನ ಕೂತಳು. ಮೂರನೆಯ ದಿನ ಎದ್ದು, "ಗಾಳಿ ಬರ್ತದೆ ತಮಾ, ಜನ ಬರೂದಿಲ್ಲ" ಅಂದಳು. ಮುಂಬಾಗಿಲು ತೆರೆದಿಟ್ಟು, ಹೊರಗಿನ ಸೇಫ್ಟಿ ಡೋರಿನ ಜಾಲರಿಯ ಹಿಂದೆ ಮಣೆ ಹಾಕಿಕೊಂಡು ಕೂತಳು. ಚಪ್ಪಲಿ ಸ್ಟ್ಯಾಂಡಿನ ಎದುರು ಇದೇನು ಎಂದು ನನಗೆ ನಾಚಿಕೆಯಾಯಿತು. ಒಂದು ತಿಂಗಳಲ್ಲಿ ಎದುರು ಮನೆಯ ಗುಜರಾತಿ ಮುದುಕಿ ಅತ್ತಕಡೆ ಕುರ್ಚಿ ತಂದು ಹಾಕಿದಳು. ಇವಳಿಗೆ ಗುಜರಾತಿ ಬಾರದು, ಅವಳಿಗೆ ಕನ್ನಡ ಬಾರದು. ನಾಲ್ಕು ವರ್ಷ ಮಾತಾಡಿದರು.

ಅದು ನನಗೆ ಅರ್ಥವಾದದ್ದು ಆಯಿ ಹೋಗಿ ಎಷ್ಟೋ ವರ್ಷದ ಮೇಲೆ, ಬಾಲ್ಕನಿಯ ಜಾಲರಿಗೆ ಹಣ ಎಣಿಸಿದ ದಿನ. ಈಗ ಊರಲ್ಲೂ ಜಗಲಿಗೆ ಕಬ್ಬಿಣದ ಗ್ರಿಲ್ಲು, ಅದಕ್ಕೊಂದು ಬೀಗ ಬರುತ್ತಿದೆಯಂತೆ. ಕಳ್ಳರ ಭಯ, ಮಂಗನ ಕಾಟ, ಕಾರಣಗಳು ಸುಳ್ಳಲ್ಲ. ಹಾಕಿಸುವವರು ಹಾಕಿಸಲಿ. ಹಗಲು ಹೊತ್ತು ತೆರೆದಿಡಬಹುದಾದ ಬಾಗಿಲೊಂದನ್ನು ಅದರಲ್ಲಿ ಮಾಡಿಸಿ, ತೆರೆದಿಡಲಿ. ನಾವಿಬ್ಬರೂ ಈಗ ಸಂಜೆ ಬಾಲ್ಕನಿಯ ಗಾಜಿಲ್ಲದ ಜಾಲರಿಯನ್ನೂ ಮುಂದಿನ ಸೇಫ್ಟಿ ಡೋರನ್ನೂ ಎದುರುಬದುರು ಇಟ್ಟುಕೊಂಡು ಕೂರುತ್ತೇವೆ. ಗಾಳಿ ಆಡುತ್ತದೆ. ಎದುರು ಮನೆಗೆ ಹೊಸಬರು ಬಂದಿದ್ದಾರೆ, ಅವರ ಬಾಗಿಲು ಇನ್ನೂ ಮುಚ್ಚಿಯೇ ಇದೆ.