ತೊಟ್ಟಿಲು ತೂಗುವ ಕೈ, ತಕ್ಕಡಿ ತೂಗುವ ಕೈ

ಕನ್ನಡದಲ್ಲಿ ಬೀಸುವ ಪದಗಳಿಗೆ ಬರವಿಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಅಚ್ಚು ಹಾಕಿಸಿದ ಮೇಲೆ, ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಗಳು ನಮ್ಮ ಸಾಹಿತ್ಯದಲ್ಲಿ ಶಾಶ್ವತವಾಗಿ ನೆಲೆಯಾದಳು. ಅವಳ ತವರು, ಅಣ್ಣತಮ್ಮಂದಿರು, ತೊಟ್ಟಿಲ ಕೂಸು, ಕೊನೆಗೆ ಆ ಕಲ್ಲು ಕೂಡ ಹಾಡಿನೊಳಗೆ ಬಂದವು. ಶಾಲೆಯ ಪಠ್ಯದಿಂದ ಹಿಡಿದು ವಿಶ್ವವಿದ್ಯಾಲಯದ ಪ್ರಬಂಧಗಳವರೆಗೆ ನಾವು ಆ ಹಾಡುಗಳನ್ನು ಓದಿದ್ದೇವೆ, ಓದಿಸಿದ್ದೇವೆ.

ಆದರೆ ಅದೇ ಹೆಣ್ಣುಮಗಳು ಮನೆಯ ಜೋಳ ಬಿಟ್ಟು ಊರ ಜೋಳ ಬೀಸತೊಡಗಿದರೆ? ಕಲ್ಲಿನ ಜಾಗದಲ್ಲಿ ಗಿರಣಿ ಇಟ್ಟು, ಸೇರಿಗೆ ಇಷ್ಟು ಎಂದು ದರ ಹೇಳಿ, ಉದ್ರಿ ಬರೆದುಕೊಂಡರೆ? ಅವಳಿಗೆ ಹಾಡಿಲ್ಲ, ಕಥೆಯೂ ಅಪರೂಪ. ಸಂಕಲನದ ಹೆಸರಿನಲ್ಲಿರುವ ‘ಗರತಿ’ ಎಂಬ ಮಾತನ್ನು ನಾವು ಸಾಕಷ್ಟು ಗಮನಿಸಿಲ್ಲ ಎಂದು ನನಗೆ ಅನ್ನಿಸುತ್ತದೆ. ಮನೆಯೊಳಗೆ ಬೀಸಿದವಳು ಗರತಿ. ದುಡ್ಡಿಗೆ ಬೀಸಿದವಳಿಗೆ ನಾವಿನ್ನೂ ಹೆಸರು ಹುಡುಕಿಲ್ಲ. ಮಕ್ಕಳನ್ನು ಸಾಕುತ್ತಲೇ ತನ್ನದೇ ಒಂದು ವ್ಯಾಪಾರ ಶುರು ಮಾಡಿ ನಡೆಸುವ ತಾಯಿಯನ್ನು ಕನ್ನಡ ಬರವಣಿಗೆ ಹೇಗೆ ನೋಡಿದೆ ಎಂಬುದು ಈ ಲೇಖನದ ಪ್ರಶ್ನೆ.

ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಚನ್ನಗಿರಿ ತಾಲ್ಲೂಕಿನ ನಲ್ಲೂರಿನಲ್ಲಿ ನಮ್ಮ ಅವ್ವ ಹಿಟ್ಟಿನ ಗಿರಣಿ ನಡೆಸಿದಳು. ಅಪ್ಪ ಇದ್ದರು, ತೋಟ ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ಉಪವಾಸವಿರಲಿಲ್ಲ. ಅವ್ವ ತನ್ನ ಬಳೆ ಅಡ ಇಟ್ಟು ಮೋಟಾರು ತಂದಾಗ ತಂಗಿಗೆ ಮೂರು ವರ್ಷ. ತ್ರೀ ಫೇಸ್ ಕರೆಂಟ್ ಬರುವ ಹೊತ್ತೇ ಗಿರಣಿಯ ಹೊತ್ತು. ನಮ್ಮ ಊಟ, ಸ್ನಾನ, ನಿದ್ದೆ ಎಲ್ಲವೂ ಆ ಕರೆಂಟಿನ ಹಿಂದೆ ಮುಂದೆ ಸರಿದಾಡುತ್ತಿದ್ದವು. ಮೆಣಸಿನಕಾಯಿ ಬೀಸುವ ದಿನ ತಂಗಿಗೆ ಕೆಮ್ಮು ಹತ್ತಬಾರದೆಂದು ಅವಳನ್ನು ಪಕ್ಕದ ಮನೆಯ ದೊಡ್ಡಮ್ಮನ ಹತ್ತಿರ ಬಿಡಬೇಕು. ಖಾರ ಬೀಸಿದ ಮೇಲೆ ಒಂದಿಷ್ಟು ನುಚ್ಚು ಹಾಕಿ ಕಲ್ಲು ಚೊಕ್ಕಟ ಮಾಡದೆ ಗೋಧಿ ಹಾಕುವಂತಿಲ್ಲ. ಆ ನುಚ್ಚಿನ ನಷ್ಟ ಯಾರ ತಲೆಗೆ, ಖಾರ ತಂದವರಿಗೋ ಗಿರಣಿಗೋ ಎಂಬುದನ್ನು ಅವ್ವ ತೀರ್ಮಾನಿಸಬೇಕು. ಕಲ್ಲು ಸವೆದಾಗ ಉಳಿ ಹಾಕಿಸಬೇಕು, ಬೆಲ್ಟ್ ಹರಿದಾಗ ಚನ್ನಗಿರಿಗೆ ಓಡಬೇಕು.

ಊರಿನವರು ಇದಕ್ಕೆಲ್ಲ ಒಂದೇ ಮಾತು ಹೇಳುತ್ತಿದ್ದರು: “ಪಾಪ, ಮಕ್ಕಳ ಸಲುವಾಗಿ ಎಷ್ಟು ಕಷ್ಟಪಡ್ತಾಳ ನೋಡು.” ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಆದರೆ ಆ ‘ಪಾಪ’ ಎನ್ನುವ ಮಾತು ಅವ್ವನ ಕೈಯಿಂದ ಗಿರಣಿಯನ್ನು ಕಸಿದುಕೊಂಡು ಮಕ್ಕಳ ಕೈಗೆ ಕೊಟ್ಟುಬಿಡುತ್ತಿತ್ತು. ಮುಂದೆ ನಾನು ಬರೆಯುವವನಾದೆ ಎಂದು ಗೊತ್ತಾದಾಗ ಅವ್ವ ಒಂದು ಸಲ ಸ್ಪಷ್ಟವಾಗಿ ಹೇಳಿದಳು: “ನಿಮ್ಮ ಸಲುವಾಗಿ ಮಾಡಿದೆ ಅಂತ ಬರೀಬ್ಯಾಡ. ನಿಮಗೂ ಆತು, ಅದು ಬ್ಯಾರೆ. ಗಿರಣಿ ನನಗ ಬೇಕಿತ್ತು.”

ಈ ‘ನನಗ ಬೇಕಿತ್ತು’ ಎಂಬ ಮಾತನ್ನು ಹಿಡಿದುಕೊಂಡು ನಾನು ಕನ್ನಡದ ಪುಸ್ತಕಗಳನ್ನು ನೋಡತೊಡಗಿದೆ.

ಹಿಂದಕ್ಕೆ ಹೋದಷ್ಟೂ ಅಚ್ಚರಿಯಾಗುತ್ತದೆ. 12ನೇ ಶತಮಾನದ ವಚನಕಾರ್ತಿಯರಲ್ಲಿ ಹಲವರ ಹೆಸರಿನಲ್ಲೇ ಅವರ ಕಸುಬಿದೆ. ಕದಿರ ರೆಮ್ಮವ್ವೆ ನೂಲಿನವಳು. ಕೊಟ್ಟಣದ ಸೋಮಮ್ಮ ಭತ್ತ ಕುಟ್ಟಿ ಬದುಕಿದವಳು. ಇಂಥವಳ ಹೆಂಡತಿ, ಇಂಥವಳ ತಾಯಿ ಎಂದು ಹೇಳುವ ಮೊದಲೇ ಅವಳು ಏನು ಮಾಡುತ್ತಾಳೆ ಎಂಬುದು ನಮಗೆ ತಿಳಿಯುತ್ತದೆ. ಸೋಮಮ್ಮನ ಒನಕೆಗೂ ನಮ್ಮ ಅವ್ವನ ಗಿರಣಿಗೂ ನೇರ ಸಂಬಂಧವಿದೆ. ಇಬ್ಬರೂ ಪರರ ಕಾಳನ್ನು ಉಣ್ಣುವ ಹದಕ್ಕೆ ತಂದುಕೊಟ್ಟು ಅದರ ಮೇಲೆ ಬದುಕಿದವರು.

ಆದರೆ ಅಲ್ಲೂ ಒಂದು ತೊಡಕಿದೆ. ಶರಣರ ಪರಂಪರೆಯಲ್ಲಿ ಲೆಕ್ಕಕ್ಕೆ ಅತಿ ದೊಡ್ಡ ಹೆಸರು ಆಯ್ದಕ್ಕಿ ಲಕ್ಕಮ್ಮನದು. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ಕಳಿಸಿದವಳು. ಆಕೆಯ ಲೆಕ್ಕ ಕರಾರುವಾಕ್ಕು, ಆದರೆ ಅದು ‘ಇಷ್ಟು ಸಾಕು’ ಎನ್ನುವ ಲೆಕ್ಕ. ಆ ಪ್ರಸಂಗದಲ್ಲಿ ಮಕ್ಕಳ ಮಾತು ಬರುವುದಿಲ್ಲ. ಮಕ್ಕಳಿರುವ ಮನೆಯ ಲೆಕ್ಕ ನಾಳೆಯದು: ಜೂನ್ ತಿಂಗಳ ಶಾಲೆಯ ಖರ್ಚು, ಮಳೆಗಾಲದ ಜ್ವರ, ಇನ್ನೆಂದೋ ಬರುವ ಮದುವೆ. ನಾಳೆಗಾಗಿ ಹೆಚ್ಚು ಕೂಡಿಡಬೇಕೆನ್ನುವ ಹೆಂಗಸನ್ನು ಆಸೆಬುರುಕಿ ಎನ್ನದೆ ನೋಡುವ ಕಣ್ಣನ್ನು ಲಕ್ಕಮ್ಮನ ಆದರ್ಶ ನಮಗೆ ಕೊಡುವುದಿಲ್ಲ. ಅದನ್ನು ನಾವೇ ಕಲಿತುಕೊಳ್ಳಬೇಕಿತ್ತು.

ಹೊಸಗನ್ನಡದ ಆರಂಭಕ್ಕೆ ಬನ್ನಿ. ಅಕ್ಷರದ ಉದ್ಯಮಕ್ಕೆ ಇಳಿದ ಮೊದಲ ಹೆಣ್ಣುಮಕ್ಕಳಲ್ಲಿ ನಂಜನಗೂಡು ತಿರುಮಲಾಂಬಾ ಮತ್ತು ಆರ್. ಕಲ್ಯಾಣಮ್ಮ ಮುಖ್ಯರು. ತಿರುಮಲಾಂಬಾ ‘ಸತೀಹಿತೈಷಿಣಿ’ ಗ್ರಂಥಮಾಲೆ ನಡೆಸಿದರು, ‘ಕರ್ನಾಟಕ ನಂದಿನಿ’ ಪತ್ರಿಕೆ ಹೊರತಂದರು. ಕಲ್ಯಾಣಮ್ಮ ‘ಸರಸ್ವತಿ’ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. ಬರೆಯುವುದಷ್ಟೇ ಅಲ್ಲ, ಅಚ್ಚು, ಚಂದಾ, ಅಂಚೆ ಎಲ್ಲವನ್ನೂ ಒಳಗೊಂಡ ಕೆಲಸ ಅದು. ಇಬ್ಬರೂ ಬಾಲವಿಧವೆಯರು. ಆ ಕಾಲದ ಸಮಾಜ ಅವರಿಂದ ಸಂಸಾರವನ್ನು ಕಿತ್ತುಕೊಂಡಿತ್ತು. ಉಳಿದ ಹೊತ್ತನ್ನು ಅವರು ತಮ್ಮದಾಗಿ ಮಾಡಿಕೊಂಡರು. ಅವರ ಸಾಧನೆಯನ್ನು ಕಡಿಮೆ ಮಾಡಲು ಈ ಮಾತು ಹೇಳುತ್ತಿಲ್ಲ. ಕಂಕುಳಲ್ಲಿ ಕೂಸಿದ್ದವಳಿಗೆ ಆ ದಾರಿ ಎಷ್ಟು ಕಿರಿದಾಗಿತ್ತು ಎಂಬುದು ಇದರಿಂದ ಕಾಣುತ್ತದೆ.

ಕಾದಂಬರಿಯಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವವಳು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೃತಿಯ ಅಂತಕ್ಕ. ತೀರ್ಥಹಳ್ಳಿ–ಆಗುಂಬೆ ದಾರಿಯ ಮೇಗರವಳ್ಳಿಯಲ್ಲಿ ಅವಳ ಮನೆ. ದಾರಿಹೋಕರಿಗೆ ಅಲ್ಲಿ ಊಟ, ತಂಗಲು ಜಾಗ. ಜೊತೆಗೆ ಮಗಳು ಕಾವೇರಿ. ಕನ್ನಡದ ಮಹಾಕಾದಂಬರಿಯೊಂದರಲ್ಲಿ ಮಗಳನ್ನು ಬೆಳೆಸುತ್ತಾ ಒಂದು ವ್ಯಾಪಾರ ನಡೆಸುವ ಹೆಂಗಸು ಹೀಗೆ ಇದ್ದಾಳೆ. ಯಾರನ್ನೂ ಸಣ್ಣವರೆಂದು ಬಿಡದ ಕಾದಂಬರಿ ಅದು. ಗುತ್ತಿಯ ಜೊತೆ ಅವನ ನಾಯಿ ಹುಲಿಯನೂ ನಮ್ಮ ನೆನಪಿನಲ್ಲಿ ಉಳಿಯುತ್ತದೆ. ಅಂತಕ್ಕನೂ ಉಳಿಯುತ್ತಾಳೆ.

ಆದರೆ ಅವಳು ಉಳಿಯುವ ರೀತಿ ಬೇರೆ. ಪರಗಂಡಸರು ಬಂದು ಹೋಗುವ ಮನೆಯ ಮೇಲೆ ಊರಿಗೆ ಇರುವ ಅನುಮಾನ ಅವಳ ಸುತ್ತ ಸುಳಿಯುತ್ತಲೇ ಇರುತ್ತದೆ. ಕಾವೇರಿಯ ಕಥೆ ದುರಂತದಲ್ಲಿ ಮುಗಿಯುತ್ತದೆ. ಕುವೆಂಪು ಅಂತಕ್ಕನನ್ನು ಶಿಕ್ಷಿಸಲು ಹೀಗೆ ಬರೆದರು ಎಂದು ನಾನು ಹೇಳಲಾರೆ. ಆ ಮಗಳ ಮೇಲಿನ ಅವರ ಕರುಣೆ ದೊಡ್ಡದು. ನನ್ನ ತಕರಾರು ಇಷ್ಟೇ: ಅಂತಕ್ಕನ ಮನೆಯ ಬಾಗಿಲಿನಲ್ಲಿ ಯಾರು ಬಂದರು, ಯಾರು ಹೋದರು ಎಂಬುದು ನಮ್ಮ ಮನಸ್ಸಿನಲ್ಲಿ ಕೂರುತ್ತದೆ. ಅಕ್ಕಿ ಎಲ್ಲಿಂದ ತಂದಳು, ಯಾರಿಗೆ ಸಾಲ ಕೊಟ್ಟಳು, ಯಾರಿಗೆ ಇಲ್ಲವೆಂದಳು, ಅದರಲ್ಲಿ ಅವಳ ಜಾಣತನ ಎಷ್ಟು ಎಂಬುದು ಅಷ್ಟು ಕೂರುವುದಿಲ್ಲ. ನಾವು ವಿಮರ್ಶಕರಂತೂ ಅವಳನ್ನು ಕಾವೇರಿಯ ದುರಂತದ ಹಿನ್ನೆಲೆಯಾಗಿ ಓದಿ ಮುಂದೆ ಸಾಗಿದೆವು. ಘಟ್ಟದ ದಾರಿಯಲ್ಲಿ ಊಟದ ಮನೆ ನಡೆಸುವುದೆಂದರೇನು ಎಂದು ಕೇಳುವ ಗೋಜಿಗೆ ಹೋಗಲಿಲ್ಲ.

ಹೀಗೆ ಎರಡು ಅಚ್ಚುಗಳು ಸಿದ್ಧವಾಗಿವೆ. ತಾಯಿಯ ವ್ಯಾಪಾರ ಒಂದೋ ತ್ಯಾಗ, ಇಲ್ಲವೇ ಅನುಮಾನ. ಮೂರನೆಯದಕ್ಕೆ ಜಾಗ ಮಾಡಿದ ಪುಸ್ತಕ ನನ್ನ ಓದಿನಲ್ಲಿ ಇಂದಿರಾ ಲಂಕೇಶ್ ಅವರ ‘ಹುಳಿ ಮಾವು ಮತ್ತು ನಾನು’. ಲಂಕೇಶರು ನಮ್ಮ ಸೀಮೆಯವರೇ. ಅವರ ಊರು ಶಿವಮೊಗ್ಗದ ಕೊನಗವಳ್ಳಿ. ನಮ್ಮ ಚನ್ನಗಿರಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೂ ಶಿವಮೊಗ್ಗಕ್ಕೇ ಸೇರಿತ್ತು. ಲಂಕೇಶರ ಆತ್ಮಕಥನ ‘ಹುಳಿಮಾವಿನ ಮರ’ ಎಲ್ಲರಿಗೂ ಗೊತ್ತು. ಮೇಷ್ಟ್ರು ವಿಶ್ವವಿದ್ಯಾಲಯದ ಇಂಗ್ಲಿಷ್ ಅಧ್ಯಾಪಕನ ಕೆಲಸ ಬಿಟ್ಟದ್ದು, ಸಿನಿಮಾ ಮಾಡಿದ್ದು, 1980ರಲ್ಲಿ ಪತ್ರಿಕೆ ಶುರು ಮಾಡಿದ್ದು ಕನ್ನಡದ ಸಾಂಸ್ಕೃತಿಕ ಚರಿತ್ರೆಯ ಭಾಗ. ಕೆಲಸ ಬಿಡುವುದನ್ನು ನಾವು ಧೈರ್ಯ ಎನ್ನುತ್ತೇವೆ. ಅದು ಧೈರ್ಯವೇ. ಆದರೆ ಸಂಬಳ ನಿಂತ ಮನೆಯಲ್ಲಿ ಗೌರಿ, ಕವಿತಾ, ಇಂದ್ರಜಿತ್ ಎಂಬ ಮೂರು ಮಕ್ಕಳಿದ್ದರು. ಆ ಮನೆಯಲ್ಲಿ ಸೀರೆ ವ್ಯಾಪಾರ ಮಾಡಿ ತನ್ನ ಕಾಲ ಮೇಲೆ ನಿಂತ ಇಂದಿರಾ ಅವರೂ ಇದ್ದರು.

ಅವರ ಪುಸ್ತಕವನ್ನು ಲಂಕೇಶರ ಬಗ್ಗೆ ತಿಳಿಯಲೆಂದು ಕೈಗೆತ್ತಿಕೊಳ್ಳುವುದು ಸಹಜ. ಹೆಸರೇ ಹಾಗಿದೆ: ಮೊದಲು ಹುಳಿ ಮಾವು, ಆಮೇಲೆ ‘ಮತ್ತು ನಾನು’. ಆದರೆ ಆ ಪುಸ್ತಕವನ್ನು ಸೀರೆಯ ದಾರಿಯಿಂದ ಓದಿದರೆ ‘ನಾನು’ ಮುಂದೆ ಬರುತ್ತದೆ. ಮೇಷ್ಟ್ರ ಸಾಹಸಕ್ಕೆ ಹೆಸರು, ಚರಿತ್ರೆ, ಓದುಗರು ಇದ್ದರು. ಸೀರೆಯ ಗಂಟು ಬಿಚ್ಚಿ ವ್ಯಾಪಾರ ಕಟ್ಟುವುದೂ ಸಾಹಸವೇ. ಅಲ್ಲಿಯೂ ಬಂಡವಾಳ ಮುಳುಗಬಹುದು, ಮರ್ಯಾದೆ ಹೋಗಬಹುದು. ಒಂದೇ ಮನೆಯಲ್ಲಿ ನಡೆದ ಎರಡು ಸಾಹಸಗಳಲ್ಲಿ ಒಂದನ್ನು ಸಾಹಿತ್ಯ ಚರಿತ್ರೆ ಎಂದೂ ಇನ್ನೊಂದನ್ನು ಸಂಸಾರದ ವಿಷಯ ಎಂದೂ ವಿಂಗಡಿಸಿದವರು ಓದುಗರಾದ ನಾವು.

ಲಂಕೇಶರ ಪತ್ರಿಕೆಯಲ್ಲೇ ಧಾರಾವಾಹಿಯಾಗಿ ಬಂದ ‘ಚಂದ್ರಗಿರಿಯ ತೀರದಲ್ಲಿ’ ಸಾರಾ ಅಬೂಬಕ್ಕರ್ ಅವರಿಗೆ ಹೆಸರು ತಂದಿತು. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ, ನಾಲ್ವರು ಗಂಡುಮಕ್ಕಳ ತಾಯಿ ಅವರು. ಅದೇ ನದಿಯ ಹೆಸರಿನಲ್ಲಿ ‘ಚಂದ್ರಗಿರಿ ಪ್ರಕಾಶನ’ವನ್ನು 1994ರಿಂದ ತಾವೇ ನಡೆಸಿದರು. ಅವರ ಕಾದಂಬರಿಗಳ ಮೇಲೆ ಬಂದಿರುವ ಬರಹ ಬೇಕಾದಷ್ಟಿದೆ. ಪ್ರಕಾಶಕಿಯ ಮೇಲೆ ಬಂದದ್ದು ತೀರಾ ಕಡಿಮೆ. ಕಾಗದದ ದರ, ಅಚ್ಚಿನ ಬಿಲ್ಲು, ಗ್ರಂಥಾಲಯದ ಖರೀದಿ, ಮಾರಾಟವಾಗದೆ ಉಳಿದ ಪ್ರತಿಗಳು ಇವು ಲೇಖಕಿಯ ಬದುಕಿನ ಹೊರಗಿನ ಸಂಗತಿಗಳಲ್ಲ. ಬೇರೆಯವರ ಒಪ್ಪಿಗೆಗೆ ಕಾಯದೆ ತನ್ನ ಮಾತನ್ನು ಅಚ್ಚಿಗೆ ಕಳಿಸುವ ಶಕ್ತಿ ಅಲ್ಲಿಂದಲೇ ಬರುತ್ತದೆ.

ಈಗ ಕಾಲ ಬದಲಾಗಿದೆ ಎನ್ನಬಹುದು. 1997–98ರಲ್ಲಿ ರಾಜ್ಯದಲ್ಲಿ ‘ಉದ್ಯೋಗಿನಿ’ ಯೋಜನೆ ಬಂತು, 2000–01ರಲ್ಲಿ ‘ಸ್ತ್ರೀಶಕ್ತಿ’ ಗುಂಪುಗಳು ಶುರುವಾದವು. ನಮ್ಮ ಕಡೆ ಹೊಲಿಗೆ, ರೊಟ್ಟಿ, ಹಪ್ಪಳ, ಹೈನು ಎಂದು ಹೆಣ್ಣುಮಕ್ಕಳು ವ್ಯವಹಾರಕ್ಕೆ ಇಳಿದಿದ್ದಾರೆ. ಪತ್ರಿಕೆಗಳ ಮಹಿಳಾ ಪುಟಗಳಲ್ಲಿ ಅವರ ಯಶೋಗಾಥೆಗಳು ಬರುತ್ತವೆ. ಆದರೆ ಅವುಗಳ ಕಟ್ಟು ನೋಡಿ. ಮೊದಲು ಕಷ್ಟ, ಆಮೇಲೆ ಸಾಲ, ಕೊನೆಗೆ ಗೆಲುವು. ‘ಸಂಸಾರವನ್ನೂ ಉದ್ಯಮವನ್ನೂ ಸರಿದೂಗಿಸಿಕೊಂಡು’ ಎಂಬ ಮಾತು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಗಂಡಸಿನ ಯಶೋಗಾಥೆಯಲ್ಲಿ ಆ ವಾಕ್ಯ ನನಗೆ ಸಿಕ್ಕಿಲ್ಲ. ಅವನ ಮಕ್ಕಳು ಆ ಹೊತ್ತಿನಲ್ಲಿ ಯಾರ ಹತ್ತಿರ ಇದ್ದರು ಎಂದು ಯಾರೂ ಕೇಳುವುದಿಲ್ಲ.

ಕನ್ನಡದ ‘ತೂಗು’ ಎಂಬ ಕ್ರಿಯಾಪದ ಈ ವಿಷಯದಲ್ಲಿ ನಮಗಿಂತ ವಿವೇಕದ್ದು. ತೊಟ್ಟಿಲನ್ನೂ ತೂಗುತ್ತೇವೆ, ತಕ್ಕಡಿಯಲ್ಲಿ ಕಾಳನ್ನೂ ತೂಗುತ್ತೇವೆ. ಭಾಷೆ ಎರಡಕ್ಕೂ ಒಂದೇ ಮಾತು ಇಟ್ಟಿದೆ. ಸಾಹಿತ್ಯ ಮಾತ್ರ ತೊಟ್ಟಿಲ ಕಡೆಯದನ್ನೇ ಹಾಡಾಗಿಸಿತು. ‘ಸರಿದೂಗಿಸುವುದು’ ಎಂದಾಗ ಎರಡೂ ಒಂದಕ್ಕೊಂದು ಎದುರಾಳಿ ಎಂಬಂತೆ ಎರಡು ತಟ್ಟೆಗಳಲ್ಲಿ ಇಟ್ಟುಬಿಡುತ್ತೇವೆ. ಅವ್ವನ ಉದ್ರಿ ಪುಸ್ತಕದಲ್ಲಿ ಅವು ಹಾಗೆ ಬೇರೆಯಾಗಿರಲಿಲ್ಲ. ನಮ್ಮ ಹಳೆಯ ನೋಟ್‌ಬುಕ್ಕುಗಳ ಖಾಲಿ ಹಾಳೆಗಳನ್ನು ಹೊಲಿದು ಮಾಡಿದ ಪುಸ್ತಕ ಅದು. ನಡುವೆ ಯಾರು ಎಷ್ಟು ಸೇರು ಬೀಸಿಸಿದರು ಎಂಬ ಲೆಕ್ಕ, ಅಂಚಿನಲ್ಲಿ ತಂಗಿಗೆ ಜ್ವರದ ಔಷಧಿ ಕೊಟ್ಟ ಹೊತ್ತು. ಕೆಲವು ಹೆಸರುಗಳ ಮೇಲೆ ಗೀಟು ಎಳೆದಿದ್ದಳು. ಹಣ ಬಂತೆಂದಲ್ಲ, ಬರುವುದಿಲ್ಲ ಎಂದು ಗೊತ್ತಾಗಿ, ಕೇಳುವುದು ಬೇಡ ಎಂದು ತೀರ್ಮಾನಿಸಿ. ಇನ್ನು ಕೆಲವರಿಗೆ ಯುಗಾದಿ ಹತ್ತಿರ ಬಂದಾಗ ಮುಲಾಜಿಲ್ಲದೆ ಹೇಳಿ ಕಳಿಸುತ್ತಿದ್ದಳು.

ಯಾರಿಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ಈ ತೀರ್ಮಾನದಲ್ಲಿ ಒಂದು ಊರಿನ ಜಾತಿ, ನೆಂಟಸ್ತಿಕೆ, ಹಸಿವು, ಜಂಬ ಎಲ್ಲವೂ ಇದ್ದವು. ಒಳ್ಳೆಯ ಕಾದಂಬರಿಗೆ ಬೇಕಾದದ್ದು ಇಷ್ಟೇ ಅಲ್ಲವೇ? ವ್ಯಾಪಾರ ಮಾಡುವ ತಾಯಿಯನ್ನು ಇನ್ನು ಮುಂದೆ ಬರೆಯುವವರು ಅವಳ ಬೆವರಿನ ಜೊತೆಗೆ ಅವಳ ದರವನ್ನೂ ಬರೆಯಲಿ. ಆ ದರಕ್ಕೆ ಹೇಗೆ ಬಂದಳು, ಯಾರಿಗೆ ಇಲ್ಲ ಎಂದಳು, ಲಾಭ ಬಂದ ದಿನ ಆ ದುಡ್ಡಿನಲ್ಲಿ ತನಗಾಗಿ ಏನು ಕೊಂಡಳು ಎಂಬುದನ್ನೂ ಬರೆಯಲಿ. ಮಕ್ಕಳ ಸಲುವಾಗಿ ಎಂಬ ಉತ್ತರ ಬಂದಾಗ ಅಲ್ಲಿಗೇ ಪೆನ್ನು ಮುಚ್ಚದೆ, ಅವಳನ್ನು ಇನ್ನೊಂದು ಪ್ರಶ್ನೆ ಕೇಳಲಿ.