ಜಾಲಿಮುಳ್ಳಿನ ಗೀರಿಗೆ ಕೈಮದ್ದು

ರಾಯದುರ್ಗ, ಮಡಕಶಿರಾ ಕಡೆ ಕಾರು ಇಟ್ಟುಕೊಂಡವರಿಗೆ ಬಳ್ಳಾರಿ ಜಾಲಿಯ ಪರಿಚಯ ಮಾಡಿಕೊಡಬೇಕಿಲ್ಲ. ಹಳ್ಳಿಯ ಕಿರುದಾರಿಯಲ್ಲಿ ಟ್ರ್ಯಾಕ್ಟರ್ ಎದುರಾಯಿತೆಂದು ಪಕ್ಕಕ್ಕೆ ಸರಿದರೆ ಸಾಕು, ಬಾಗಿಲಿನುದ್ದಕ್ಕೂ ಬಿಳಿ ಗೆರೆ.

ಆ ಗೆರೆಯನ್ನು ಮನೆಯಂಗಳದಲ್ಲೇ ಅಳಿಸುವ ಕೈಕೆಲಸ ನನಗೆ ಬಲು ಮೆಚ್ಚು. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸುಮಾರು 40–50 ಮೈಕ್ರಾನ್ ದಪ್ಪವಷ್ಟೇ. ಗೀರು ಅದರಲ್ಲೇ ನಿಂತಿದ್ದರೆ ಅಂಚುಗಳಲ್ಲಿ ಬೆಳಕು ಚದುರಿ ಬೆಳ್ಳಗೆ ಕಾಣುತ್ತದೆ. ನೀರು ಚಿಮುಕಿಸಿದಾಗ ಗೆರೆ ಮರೆಯಾದರೆ ಉಜ್ಜಿ ತೆಗೆಯಬಹುದು. ಗೆರೆಯ ಮೇಲೆ ಎಳೆದ ಉಗುರು ಸಿಕ್ಕಿಕೊಂಡರೆ ಟಚ್‌ಅಪ್ ಪೇಂಟೇ ಗತಿ.

ಮೊದಲು ಚೆನ್ನಾಗಿ ತೊಳೆಯಬೇಕು. ನಮ್ಮ ಸೀಮೆಯ ಧೂಳಿನಲ್ಲಿ ಮರಳಿರುತ್ತದೆ; ಒಣಬಟ್ಟೆಯಲ್ಲಿ ಒರೆಸಿದರೆ ಒಂದು ಗೀರು ನೂರಾಗುತ್ತದೆ. ಗೀರು ಉಜ್ಜುವ ಪೇಸ್ಟ್, ಅಂದರೆ ರಬ್ಬಿಂಗ್ ಕಾಂಪೌಂಡ್, ಕಾದ ತಗಡಿನ ಮೇಲೆ ಬೇಗ ಒಣಗುವುದರಿಂದ ಬೆಳಗಿನ ನೆರಳು ಒಳ್ಳೆಯದು. ಮೈಕ್ರೋಫೈಬರ್ ಬಟ್ಟೆಗೆ ಶೇಂಗಾ ಬೀಜದಷ್ಟು ಕಾಂಪೌಂಡ್ ಹಚ್ಚಿ, ಅಂಗೈಯಗಲ ಜಾಗದಲ್ಲಿ ಸಮನಾಗಿ ಒತ್ತಿ ಉಜ್ಜಬೇಕು. ಮೊದಮೊದಲು ಬಟ್ಟೆ ತಡೆದಂತಾಗುತ್ತದೆ. ಆಮೇಲೆ ಸರಾಗವಾಗಿ ಜಾರತೊಡಗುತ್ತದೆ. ಆ ಬದಲಾವಣೆ ಬೆರಳಿಗೆ ತಿಳಿಯುವುದೇ ಈ ಕೆಲಸದ ಸೊಗಸು. ಇಲ್ಲಿ ಕಾಂಪೌಂಡ್ ಗೀರನ್ನು ತುಂಬುವುದಿಲ್ಲ, ಅದರ ಚೂಪು ಅಂಚುಗಳನ್ನು ನವಿರಾಗಿ ತೇಯುತ್ತದೆ, ಅಷ್ಟೆ. ಬಾಗಿಲಿನ ಅಂಚು, ಮಡಿಕೆಗಳಲ್ಲಿ ಪದರ ಬೇಗ ಸವೆಯುತ್ತದೆ, ಅಲ್ಲಿ ಕೈ ಹಗುರವಾಗಬೇಕು. ಬಟ್ಟೆಗೆ ಕಾರಿನ ಬಣ್ಣ ಹತ್ತಿತೋ, ಕ್ಲಿಯರ್ ಕೋಟ್ ಸವೆದುಹೋಗಿದೆ ಎಂದೇ ಲೆಕ್ಕ. ಪಳಗಿದ ಕೈ ಅದಕ್ಕೂ ಮುಂಚೆ, ಗೀರು ಎಳೆಯಷ್ಟು ಉಳಿದಿದ್ದರೂ, ನಿಲ್ಲಿಸಿ ಪಾಲಿಶ್ ಹಚ್ಚುತ್ತದೆ. ಮೇಲೊಂದು ತೆಳು ವ್ಯಾಕ್ಸ್ ಕೊಟ್ಟರೆ ಕೆಲಸ ಮುಗಿಯಿತು.